ಜೈಲಿನ ಗೇಟು ದಾಟಿದ ಮೊದಲ ಹದಿನೈದು ದಿನ

ನ್ಯೂಯಾರ್ಕ್ ನಗರದ ಪಕ್ಕದ ರೈಕರ್ಸ್ ದ್ವೀಪದಲ್ಲಿ ದೊಡ್ಡದೊಂದು ಜೈಲಿದೆ. 1990ರ ದಶಕದಲ್ಲಿ ಅಲ್ಲಿಂದ ಬಿಡುಗಡೆಯಾದವರನ್ನು ಬಸ್ಸಿನಲ್ಲಿ ತಂದು ಕ್ವೀನ್ಸ್ ಪ್ಲಾಜಾ ಎಂಬಲ್ಲಿ ಇಳಿಸಿ ಹೋಗುತ್ತಿದ್ದರು. ಹೊತ್ತು ರಾತ್ರಿ ಎರಡರಿಂದ ಬೆಳಗಿನ ಆರರ ನಡುವೆ. ಕೈಯಲ್ಲಿ ಒಂದೂವರೆ ಡಾಲರ್ ನಗದು, ಎರಡು ಸಲ ರೈಲು ಹತ್ತಲು ಸಾಕಾಗುವ ಒಂದು ಮೆಟ್ರೋ ಕಾರ್ಡ್. ಒಳಗಿದ್ದಷ್ಟು ದಿನ ಸ್ಕಿಜೋಫ್ರೇನಿಯಾಕ್ಕೋ ಬೈಪೋಲಾರ್ ಕಾಯಿಲೆಗೋ ತಪ್ಪದೆ ಗುಳಿಗೆ ನುಂಗುತ್ತಿದ್ದವರಿಗೂ ಸಿಗುತ್ತಿದ್ದುದು ಅಷ್ಟೇ. ನಾಳೆಗೆ ಗುಳಿಗೆಯಿಲ್ಲ, ಔಷಧದ ಚೀಟಿಯಿಲ್ಲ, ಯಾವ ಆಸ್ಪತ್ರೆಗೆ ಹೋಗಬೇಕೆಂದು ಹೇಳುವವರಿಲ್ಲ.

1999ರಲ್ಲಿ ಅಂಥ ಕೆಲವರು ಸೇರಿ ನಗರಾಡಳಿತದ ಮೇಲೆ ದಾವೆ ಹೂಡಿದರು. ಮೊದಲ ಅರ್ಜಿದಾರನ ನಿಜವಾದ ಹೆಸರು ಮರೆಸಿ 'ಬ್ರಾಡ್ ಎಚ್.' ಎಂದು ದಾಖಲಿಸಿದ್ದರಿಂದ ಪ್ರಕರಣಕ್ಕೂ ಅದೇ ಹೆಸರು ನಿಂತಿತು. ವಾದ ಸರಳವಾಗಿತ್ತು. ಮನೋರೋಗಕ್ಕೆ ಚಿಕಿತ್ಸೆ ಕೊಡುವವರು ರೋಗಿಯನ್ನು ಕಳಿಸಿಕೊಡುವಾಗ ಮುಂದಿನ ಚಿಕಿತ್ಸೆಗೆ ಏರ್ಪಾಡು ಮಾಡಿಯೇ ಕಳಿಸಬೇಕೆಂದು ನ್ಯೂಯಾರ್ಕ್ ರಾಜ್ಯದ ಕಾನೂನು ಹೇಳುತ್ತದೆ. ಜೈಲಿನಲ್ಲೂ ಚಿಕಿತ್ಸೆಯೇ ನಡೆಯುತ್ತಿದೆ, ಹಾಗಾದರೆ ಅದಕ್ಕೇಕೆ ಈ ನಿಯಮ ಅನ್ವಯಿಸಬಾರದು? ನ್ಯಾಯಾಲಯ ಒಪ್ಪಿತು. 2003ರಲ್ಲಿ ರಾಜಿಯಾಯಿತು. ಬಿಡುಗಡೆಯ ವೇಳೆ ಔಷಧ, ಚೀಟಿ, ಆಸ್ಪತ್ರೆಯ ಸಂಪರ್ಕ, ಸರ್ಕಾರಿ ಸೌಲಭ್ಯಗಳಿಗೆ ಅರ್ಜಿ, ಇವೆಲ್ಲ ಜೈಲಿನ ಹೊಣೆಯ ಭಾಗವಾದವು.

ಕೈದಿಯ ಬಿಡುಗಡೆಯನ್ನು ನಾವು ಇವತ್ತಿಗೂ ಕೋರ್ಟಿನ ವ್ಯವಹಾರ ಎಂದೇ ನೋಡುತ್ತೇವೆ. ಮನೋರೋಗಿಯ ಮಟ್ಟಿಗೆ ಅದು ಆಸ್ಪತ್ರೆಯ ಡಿಸ್ಚಾರ್ಜಿನಷ್ಟೇ ಸೂಕ್ಷ್ಮವಾದ ವೈದ್ಯಕೀಯ ಘಟ್ಟ. ಹಾಗೆ ನೋಡದೆ ಇರುವುದಕ್ಕೆ ತೆರುತ್ತಿರುವ ಬೆಲೆ ಎಷ್ಟೆಂದು ಅಳೆದವರಿದ್ದಾರೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1999ರಿಂದ 2003ರವರೆಗೆ ಬಿಡುಗಡೆಯಾದ 30,237 ಮಂದಿಯ ಮುಂದಿನ ಬದುಕನ್ನು ಇಂಗ್ರಿಡ್ ಬಿನ್ಸ್‌ವ್ಯಾಂಗರ್ ಮತ್ತು ಸಂಗಡಿಗರು ಮರಣ ದಾಖಲೆಗಳೊಂದಿಗೆ ತಾಳೆ ನೋಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ವಯಸ್ಸು, ಲಿಂಗ, ಜನಾಂಗಗಳಲ್ಲಿ ಅವರಿಗೆ ಸರಿಸಮನಾದ ಹೊರಗಿನವರಿಗೆ ಹೋಲಿಸಿದರೆ ಸಾವಿನ ಅಪಾಯ ಒಟ್ಟಾರೆ ಮೂರೂವರೆ ಪಟ್ಟು. ಮೊದಲ ಎರಡು ವಾರಗಳಲ್ಲಂತೂ ಹನ್ನೆರಡು ಪಟ್ಟಿಗೂ ಹೆಚ್ಚು. ಸಾವಿನ ಕಾರಣಗಳಲ್ಲಿ ಮೊದಲನೆಯದು ಮಾದಕ ವಸ್ತುವಿನ ಅತಿಸೇವನೆ. ಹೃದ್ರೋಗ, ಕೊಲೆ, ಆತ್ಮಹತ್ಯೆ ಆಮೇಲಿನವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2000ದಿಂದ 2002ರವರೆಗೆ ಹೊರಬಂದ ಸುಮಾರು 2.45 ಲಕ್ಷ ಜನರಲ್ಲಿ 382 ಮಂದಿ ವರ್ಷದೊಳಗೆ ಆತ್ಮಹತ್ಯೆ ಮಾಡಿಕೊಂಡರು. ಅದರಲ್ಲಿ ಐದನೆಯ ಒಂದು ಭಾಗ ಮೊದಲ 28 ದಿನಗಳಲ್ಲೇ ಆಗಿಹೋಗಿತ್ತು. ಸಾಮಾನ್ಯ ಜನರಿಗಿಂತ ಗಂಡಸರಲ್ಲಿ ಇದು ಎಂಟು ಪಟ್ಟು, ಹೆಂಗಸರಲ್ಲಿ ಸುಮಾರು 36 ಪಟ್ಟು. ಆ ಕೊನೆಯ ಸಂಖ್ಯೆಯ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಜೈಲಿನಿಂದ ಬಂದ ಗಂಡಸಿಗೆ ಒಂದಲ್ಲ ಒಂದು ಬಾಗಿಲು ತೆರೆದೀತು. ಹೆಂಗಸಿಗೆ ತವರಿನ ಬಾಗಿಲೂ ಗಂಡನ ಮನೆಯ ಬಾಗಿಲೂ ಒಟ್ಟಿಗೇ ಮುಚ್ಚುವುದು ನಮ್ಮ ಕಡೆಯೂ ಕಾಣದ ಸಂಗತಿಯಲ್ಲ.

ಸ್ವಾತಂತ್ರ್ಯ ಸಿಕ್ಕ ಮೊದಲ ಹದಿನೈದು ದಿನವೇ ಇಷ್ಟು ಅಪಾಯಕಾರಿ ಏಕೆ? ಕಾರಣಗಳಲ್ಲಿ ಕೆಲವು ದೇಹದೊಳಗೇ ಇವೆ. ಹೆರಾಯಿನ್‌ನಂಥ ಅಫೀಮು ವರ್ಗದ ಮಾದಕಗಳನ್ನು ತೆಗೆದುಕೊಳ್ಳುತ್ತ ಹೋದಂತೆ ಮಿದುಳಿನ ಗ್ರಾಹಕಗಳು ಮಂದವಾಗುತ್ತವೆ, ದೇಹ ಹೆಚ್ಚು ಪ್ರಮಾಣವನ್ನು ತಾಳಿಕೊಳ್ಳುತ್ತದೆ. ಜೈಲಿನಲ್ಲಿ ತಿಂಗಳುಗಟ್ಟಲೆ ಅದಿಲ್ಲದೆ ಇದ್ದಾಗ ಈ ತಾಳಿಕೆ ಕಳೆದುಹೋಗುತ್ತದೆ. ಹೊರಬಂದವನು ಹಳೆಯ ಲೆಕ್ಕದಲ್ಲೇ ತೆಗೆದುಕೊಂಡರೆ ಉಸಿರಾಟ ನಿಲ್ಲಬಹುದು.

ಮನೋರೋಗದ ಔಷಧಗಳ ಕತೆ ಬೇರೆ. ಸ್ಕಿಜೋಫ್ರೇನಿಯಾದ ಔಷಧಗಳ ಬಗ್ಗೆ ನಡೆದ 65 ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, ಔಷಧ ಮುಂದುವರಿಸಿದವರಲ್ಲಿ ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಶೇ. 27 ಮಂದಿಗೆ, ನಿಲ್ಲಿಸಿದವರಲ್ಲಿ ಶೇ. 64 ಮಂದಿಗೆ. ನಿಲ್ಲಿಸಿದ ಮರುದಿನವೇ ಏನೂ ಆಗುವುದಿಲ್ಲ. 'ಗುಳಿಗೆ ಇಲ್ಲದೆಯೂ ಚೆನ್ನಾಗಿದ್ದೇನಲ್ಲ' ಅನ್ನಿಸುವ ಕೆಲವು ವಾರಗಳಿರುತ್ತವೆ. ಅವೇ ಮೋಸದ ವಾರಗಳು.

ಕ್ಲೋಜಪಿನ್ ಎಂಬ ಔಷಧವನ್ನೇ ನೋಡಿ. ಬೇರೆ ಯಾವುದಕ್ಕೂ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಇದು ಕೊನೆಯ ಆಸರೆ. 12.5 ಮಿಲಿಗ್ರಾಂನಿಂದ ಶುರುಮಾಡಿ, ವಾರಗಟ್ಟಲೆ ಏರಿಸುತ್ತ, ದಿನಕ್ಕೆ 300, 400 ಮಿಲಿಗ್ರಾಂವರೆಗೆ ಒಯ್ಯುತ್ತಾರೆ. ನಡುವೆ 48 ಗಂಟೆಗಿಂತ ಹೆಚ್ಚು ತಪ್ಪಿತೆಂದರೆ ಮತ್ತೆ ಆ 12.5ರಿಂದಲೇ ಆರಂಭಿಸಬೇಕು. ಹಳೆಯ ಪ್ರಮಾಣವನ್ನು ಒಮ್ಮೆಗೇ ನುಂಗಿದರೆ ರಕ್ತದೊತ್ತಡ ಕುಸಿದು ಬೀಳಬಹುದು, ಫಿಟ್ಸ್ ಬರಬಹುದು. ಶುಕ್ರವಾರ ಸಂಜೆ ಆರಕ್ಕೆ ಗುಳಿಗೆಯಿಲ್ಲದೆ ಜೈಲಿನ ಗೇಟು ದಾಟಿದವನು ಸೋಮವಾರ ಬೆಳಿಗ್ಗೆ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಆ ಗಡುವು ಮೀರಿರುತ್ತದೆ. ಅಲ್ಲಿನ ವೈದ್ಯರ ಕೈಗೆ ಜೈಲಿನ ಚಿಕಿತ್ಸೆಯ ಒಂದು ಹಾಳೆಯೂ ಬರದಿದ್ದರೆ, ಇವನು ಏನು ತೆಗೆದುಕೊಳ್ಳುತ್ತಿದ್ದ, ಕೊನೆಯ ಗುಳಿಗೆ ಯಾವಾಗ ನುಂಗಿದ ಎಂಬುದಕ್ಕೆ ಇವನ ನೆನಪೇ ಆಧಾರ. ಹದಿನೈದು ದಿನದ ಗುಳಿಗೆಯ ಪೊಟ್ಟಣ ಮತ್ತು ಒಂದು ಹಾಳೆಯಿಂದ ತಪ್ಪಿಸಬಹುದಾದ ಅನಾಹುತ ಇದು.

ಆ ನೆನಪಿನ ವಿಷಯವೂ ಇಲ್ಲಿ ದೊಡ್ಡದು. ಸ್ಕಿಜೋಫ್ರೇನಿಯಾ ಎಂದರೆ ಕಿವಿಯಲ್ಲಿ ದನಿ ಕೇಳಿಸುವುದು, ಸಂಶಯ ಕಾಡುವುದು ಎಂದಷ್ಟೇ ಹೊರಗಿನವರಿಗೆ ಗೊತ್ತು. ಆ ಲಕ್ಷಣಗಳು ಔಷಧಕ್ಕೆ ತಗ್ಗಿದ ಮೇಲೂ ಉಳಿಯುವ ಇನ್ನೊಂದು ತೊಂದರೆಯಿದೆ: ಮುಂದಿನದನ್ನು ಯೋಜಿಸುವುದು, ಒಂದಾದ ಮೇಲೆ ಒಂದರಂತೆ ಕೆಲಸ ಜೋಡಿಸಿಕೊಳ್ಳುವುದು, ಗುರುವಾರ ಹನ್ನೊಂದಕ್ಕೆ ಎಲ್ಲಿಗೋ ಹೋಗಬೇಕಿದೆ ಎಂಬುದು ಗುರುವಾರ ಹನ್ನೊಂದಕ್ಕೇ ನೆನಪಾಗುವುದು, ಇವೆಲ್ಲ ಕುಂದಿರುತ್ತವೆ. ಜೈಲಿನೊಳಗೆ ಈ ಕೊರತೆ ಕಾಣುವುದೇ ಇಲ್ಲ. ಗಂಟೆ ಬಾರಿಸುತ್ತದೆ, ಏಳುತ್ತಾನೆ. ಹೆಸರು ಕೂಗುತ್ತಾರೆ, ಹೋಗಿ ಗುಳಿಗೆ ನುಂಗುತ್ತಾನೆ. ಹಂದರಕ್ಕೆ ಹಬ್ಬಿದ ಬಳ್ಳಿ ತಾನಾಗಿ ನಿಂತಿದೆಯೆಂದು ಕಂಡ ಹಾಗೆ. ಬಿಡುಗಡೆಯ ದಿನ ಹಂದರವನ್ನು ಒಮ್ಮೆಗೇ ಕಿತ್ತುಹಾಕಿ, ಆಧಾರ್ ಹುಡುಕು, ರೇಷನ್ ಕಾರ್ಡಿಗೆ ಓಡಾಡು, ವಕೀಲರನ್ನು ನೋಡು, ಆಸ್ಪತ್ರೆಗೆ ಹೋಗು, ಕೆಲಸ ಹಿಡಿ ಎಂದು ಒಟ್ಟಿಗೇ ಹೇಳುತ್ತೇವೆ. ಯಾವ ಶಕ್ತಿ ಕಾಯಿಲೆಯಿಂದ ಕುಂದಿದೆಯೋ ಅದನ್ನೇ ಮೊದಲ ವಾರ ಪೂರ್ತಿ ಬೇಡುತ್ತೇವೆ.

ಜೈಲು ಕಲಿಸಿದ ನಡವಳಿಕೆಯೂ ಜೊತೆಗೆ ಬರುತ್ತದೆ. ಗೋಡೆಗೆ ಬೆನ್ನು ಕೊಟ್ಟೇ ಕೂರುವುದು, ಕೇಳಿದ್ದಕ್ಕೆ ಒಂದೇ ಪದದ ಉತ್ತರ, ಸಿಬ್ಬಂದಿಗೆ ಏನನ್ನೂ ಹೇಳದಿರುವುದು, ದುರ್ಬಲನೆಂದು ಕಾಣದ ಹಾಗೆ ಮುಖ ಗಟ್ಟಿಮಾಡಿಕೊಳ್ಳುವುದು. ಒಳಗೆ ಇವೆಲ್ಲ ಬದುಕುಳಿಯುವ ದಾರಿಗಳು. ಅದೇ ಮನುಷ್ಯ ಆಸ್ಪತ್ರೆಯಲ್ಲಿ ಹಾಗೆ ಕೂತರೆ 'ಸಹಕರಿಸುವುದಿಲ್ಲ' ಎಂದು ಬರೆಯುತ್ತಾರೆ. ಕೆಲವೊಮ್ಮೆ ರೋಗಲಕ್ಷಣವೆಂದೇ ತಿಳಿದು ಔಷಧ ಹೆಚ್ಚಿಸುತ್ತಾರೆ. ನ್ಯೂಯಾರ್ಕಿನ ಮನೋವೈದ್ಯ ಮೆರಿಲ್ ರಾಟರ್ ಮತ್ತು ಸಂಗಡಿಗರು ಈ ತಪ್ಪುಗ್ರಹಿಕೆಯನ್ನು ತಿದ್ದಲೆಂದೇ ಆಸ್ಪತ್ರೆ ಸಿಬ್ಬಂದಿಗೆ ತರಬೇತಿ ರೂಪಿಸಿದರು. ನಮ್ಮ ಜಿಲ್ಲಾಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲೂ ಇದು ಅರ್ಧ ದಿನದ ಪಾಠವಾಗಬಹುದು.

ಔಷಧ ತಪ್ಪದಿದ್ದರೆ ಎಷ್ಟು ಪ್ರಯೋಜನ? ಸ್ವೀಡನ್ನಿನಲ್ಲಿ ಪ್ರತಿಯೊಬ್ಬರ ಔಷಧ ಖರೀದಿಯೂ ಅಪರಾಧ ದಾಖಲೆಯೂ ರಾಷ್ಟ್ರೀಯ ದಾಖಲೆಗಳಲ್ಲಿ ಸಿಗುವುದರಿಂದ ಇದನ್ನು ಅಚ್ಚುಕಟ್ಟಾಗಿ ನೋಡಲು ಸಾಧ್ಯವಾಯಿತು. ಬಿಡುಗಡೆಯಾದ 22,275 ಮಂದಿಯ ಬಗೆಗಿನ 2016ರ ಆ ಅಧ್ಯಯನ ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸಲಿಲ್ಲ. ಅದೇ ವ್ಯಕ್ತಿ ಔಷಧ ತೆಗೆದುಕೊಳ್ಳುತ್ತಿದ್ದ ಅವಧಿಯನ್ನು ಬಿಟ್ಟಿದ್ದ ಅವಧಿಗೆ ಹೋಲಿಸಿತು. ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಕೊಡುವ ಆ್ಯಂಟಿಸೈಕೋಟಿಕ್ ಔಷಧಗಳ ಅವಧಿಯಲ್ಲಿ ಹಿಂಸಾತ್ಮಕ ಅಪರಾಧದ ಅಪಾಯ ಶೇ. 42ರಷ್ಟು ಕಡಿಮೆಯಿತ್ತು. ವ್ಯಸನ ಬಿಡಿಸುವ ಔಷಧಗಳ ಅವಧಿಯಲ್ಲಿ ಅರ್ಧಕ್ಕಿಂತಲೂ ಕೆಳಗಿಳಿದಿತ್ತು.

ಇದನ್ನು ಓದಿ ಮನೋರೋಗಿಗಳೇ ಅಪಾಯಕಾರಿಗಳು ಎಂದುಕೊಂಡರೆ ದೊಡ್ಡ ಅನ್ಯಾಯವಾಗುತ್ತದೆ. ಅಮೆರಿಕದಲ್ಲಿ ಜಿಲಿಯನ್ ಪೀಟರ್ಸನ್ ಮತ್ತು ಜೆನಿಫರ್ ಸ್ಕೀಮ್ ಅವರ ತಂಡ ಮನೋರೋಗವಿದ್ದ 143 ಮಂದಿಯ 429 ಅಪರಾಧಗಳನ್ನು ಒಂದೊಂದಾಗಿ ಪರಿಶೀಲಿಸಿತು. ದನಿ ಕೇಳಿಸುವುದು, ಸಂಶಯ ಕಾಡುವುದು ಮುಂತಾದ ಸೈಕೋಸಿಸ್ ಲಕ್ಷಣಗಳಿಗೆ ನೇರ ಸಂಬಂಧವಿದ್ದದ್ದು ಶೇ. 4, ಖಿನ್ನತೆಗೆ ಶೇ. 3, ಬೈಪೋಲಾರ್‌ಗೆ ಶೇ. 10. ಉಳಿದವಕ್ಕೆಲ್ಲ ಬೇರೆ ಕಾರಣಗಳನ್ನೇ ಹುಡುಕಬೇಕು: ಕುಡಿತ, ಕೆಲಸವಿಲ್ಲದಿರುವುದು, ಕೆಟ್ಟ ಸಹವಾಸ, ಮನೆಯಿಲ್ಲದಿರುವುದು, ಅಂದರೆ ಯಾರನ್ನೂ ಜೈಲಿಗೆ ಒಯ್ಯಬಲ್ಲ ಕಾರಣಗಳು. ಗುಳಿಗೆ ಇಲ್ಲದೆ ಆಗುವುದಿಲ್ಲ, ಗುಳಿಗೆಯೊಂದರಿಂದಲೇ ಆಗುವುದೂ ಇಲ್ಲ.

ಇನ್ನು ನಮ್ಮಲ್ಲಿಗೆ ಬರೋಣ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್‌ನ ಸುರೇಶ್ ಬಡಾ ಮಠ, ಪ್ರತಿಮಾ ಮೂರ್ತಿ ಮತ್ತು ಸಂಗಡಿಗರು 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ದೇಶದಲ್ಲಿ ಜೈಲುಗಳ ಮಾನಸಿಕ ಆರೋಗ್ಯದ ಬಗ್ಗೆ ಮಾತನಾಡುವವರೆಲ್ಲ ಇಂದಿಗೂ ಮೊದಲು ತೆರೆಯುವ ವರದಿ ಅದು. ಮನೋರೋಗ ಅಥವಾ ಮಾದಕ ವಸ್ತು ಬಳಕೆಯ ಸಮಸ್ಯೆ ಕಂಡುಬಂದದ್ದು ಶೇ. 79.6 ಮಂದಿಯಲ್ಲಿ, ಮಾದಕ ವಸ್ತುಗಳ ಲೆಕ್ಕ ಬಿಟ್ಟರೂ ಶೇ. 27.6 ಮಂದಿಯಲ್ಲಿ ಗುರುತಿಸಬಹುದಾದ ಮಾನಸಿಕ ಕಾಯಿಲೆಯಿತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷವೂ ಪ್ರಕಟಿಸುವ ಜೈಲು ಅಂಕಿಅಂಶಗಳಲ್ಲಿ ಮನೋರೋಗಿ ಕೈದಿಗಳ ಪಾಲು ಶೇ. ಒಂದೆರಡರ ಆಸುಪಾಸು. ಹುಡುಕಿದಾಗ ಸಿಗುವುದಕ್ಕೂ ಕಣ್ಣಿಗೆ ಬಿದ್ದದ್ದನ್ನಷ್ಟೇ ಬರೆದುಕೊಳ್ಳುವುದಕ್ಕೂ ಇರುವ ಅಂತರ ಇಷ್ಟು. ಪಟ್ಟಿಯಲ್ಲೇ ಇಲ್ಲದವನಿಗೆ ಬಿಡುಗಡೆಯ ದಿನ ಗುಳಿಗೆ ಕಟ್ಟಿಕೊಡುವವರು ಯಾರು?

ನಮ್ಮ ಸಮಸ್ಯೆಗೆ ಇನ್ನೊಂದು ಮುಖವಿದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು, ನಾಲ್ವರಲ್ಲಿ ಮೂವರು. ಸಜಾಬಂದಿಯ ಬಿಡುಗಡೆಯ ದಿನ ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ವಿಚಾರಣಾಧೀನ ಕೈದಿಗೆ ಹಾಗಲ್ಲ. ಬೆಳಿಗ್ಗೆ ಕೋರ್ಟಿನಲ್ಲಿ ಜಾಮೀನು, ಮಧ್ಯಾಹ್ನ ಶ್ಯೂರಿಟಿ, ಸಂಜೆ ಆದೇಶದ ಪ್ರತಿ ಜೈಲು ತಲುಪಿತೆಂದರೆ ಕತ್ತಲಾಗುವುದರೊಳಗೆ ಅವನು ರಸ್ತೆಯಲ್ಲಿರುತ್ತಾನೆ. ಆದೇಶ ಜೈಲು ತಲುಪುವುದು ತಡವಾಗಬಾರದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ವಿದ್ಯುನ್ಮಾನ ವ್ಯವಸ್ಥೆಯನ್ನೂ ತಂದಿದೆ. ಒಬ್ಬರ ಸ್ವಾತಂತ್ರ್ಯ ಒಂದು ಗಂಟೆಯೂ ತಡವಾಗಬಾರದು, ನಿಜ. ಹಾಗಿದ್ದರೆ ಡಿಸ್ಚಾರ್ಜ್ ತಯಾರಿಯನ್ನು ಬಿಡುಗಡೆಯ ದಿನಕ್ಕೆ ಉಳಿಸಿಕೊಳ್ಳುವುದೇ ತಪ್ಪು. ಮನೋರೋಗವೆಂದು ಗುರುತಿಸಿದ ದಿನವೇ ಚಿಕಿತ್ಸೆಯ ಸಾರಾಂಶ ಬರೆದಿಟ್ಟು, ಔಷಧ ಬದಲಾದಾಗಲೆಲ್ಲ ತಿದ್ದುತ್ತ, ಯಾವ ಗಂಟೆಯಲ್ಲಿ ಬಾಗಿಲು ತೆರೆದರೂ ಕೈಗೆ ಕೊಡುವಂತಿರಬೇಕು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಮಾನವಾಗದವರು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಜೈಲಿನಲ್ಲಿ ಕಳೆದಿದ್ದರೆ, ಕೆಲವು ಪ್ರಕರಣಗಳನ್ನು ಬಿಟ್ಟು, ಬಿಡುಗಡೆಗೆ ಜೈಲಿನ ಅಧೀಕ್ಷಕರೇ ಕೋರ್ಟಿಗೆ ಬರೆಯಬೇಕೆನ್ನುತ್ತದೆ. ಆ ಪತ್ರ ಬರೆದ ದಿನವೇ ಜೈಲಿನ ವೈದ್ಯರಿಗೂ ಒಂದು ಪ್ರತಿ ಹೋದರೆ ಸಾಕು, ಕೆಲಸ ಶುರುವಾಗುತ್ತದೆ.

ಜಾಮೀನಿನ ಮೇಲೆ ಹೊರಬಂದವನಿಗೆ ಮುಂದಿನ ಅಪಾಯ ಕೋರ್ಟಿನ ದಿನಾಂಕ. ಗುಳಿಗೆ ತಪ್ಪಿ ಕಾಯಿಲೆ ಮರುಕಳಿಸಿದವನಿಗೆ ಹಿಯರಿಂಗ್ ನೆನಪಿರುವುದಿಲ್ಲ. ಎರಡು ಸಲ ಗೈರಾದರೆ ಜಾಮೀನುರಹಿತ ವಾರಂಟ್. ಪೊಲೀಸರು ಹಿಡಿದು ತರುತ್ತಾರೆ, ಈ ಸಲ ಜಾಮೀನಿಗೆ ನಿಲ್ಲಲು ಯಾರೂ ಮುಂದೆ ಬರುವುದಿಲ್ಲ. ಹೊಸ ಅಪರಾಧವೊಂದನ್ನೂ ಮಾಡದೆ ಅವನು ಮತ್ತೆ ಒಳಗೆ. ಅಮೆರಿಕದಲ್ಲಿ ಮನೋರೋಗಿಗಳಿಗೆಂದೇ ತರಬೇತಾದ ಪ್ರೊಬೇಷನ್ ಅಧಿಕಾರಿಗಳ, ಅಂದರೆ ಜೈಲಿನ ಬದಲು ಹೊರಗಿರಿಸಿದವರ ಉಸ್ತುವಾರಿ ನೋಡುವವರ ಬಗ್ಗೆ ಇದೇ ಸ್ಕೀಮ್ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯುಕ್ತ. ಆ ಅಧಿಕಾರಿಗಳ ಕೈಕೆಳಗೆ ಕಡಿಮೆ ಜನ, ಬೆದರಿಕೆಗಿಂತ ಮಾತುಕತೆ ಹೆಚ್ಚು, ತಪ್ಪಿದರೆ ಮೊದಲು ಕಾರಣ ಕೇಳುತ್ತಾರೆ. ಎರಡು ವರ್ಷದೊಳಗೆ ಮತ್ತೆ ಬಂಧನಕ್ಕೊಳಗಾದವರು ಅಂಥವರ ಉಸ್ತುವಾರಿಯಲ್ಲಿ ಶೇ. 29ರಷ್ಟು, ಸಾಮಾನ್ಯ ಉಸ್ತುವಾರಿಯಲ್ಲಿ ಶೇ. 52ರಷ್ಟು. ನಮ್ಮಲ್ಲಿ 1958ರಿಂದಲೇ ಪ್ರೊಬೇಷನ್ ಕಾಯ್ದೆಯಿದೆ. ಅದರ ಅಧಿಕಾರಿಗಳನ್ನು ಈ ಕೆಲಸಕ್ಕೆ ಸಜ್ಜುಗೊಳಿಸುವ ಮನಸ್ಸು ಬರಬೇಕಾಗಿದೆ.

ವ್ಯವಸ್ಥೆ ಒಬ್ಬನನ್ನು ಎಷ್ಟು ಪೂರ್ತಿಯಾಗಿ ಮರೆಯಬಲ್ಲದು ಎಂಬುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್ ಸಾಕ್ಷಿ. 1951ರಲ್ಲಿ, ಇಪ್ಪತ್ತಮೂರರ ಪ್ರಾಯದಲ್ಲಿ ಬಂಧನ. ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ವೈದ್ಯರು ಈತ ಗುಣವಾಗಿದ್ದಾನೆ ಎಂದು ಬರೆದುಕೊಟ್ಟರು. ವಿಚಾರಣೆ ನಡೆಯಲೇ ಇಲ್ಲ. 2005ರಲ್ಲಿ ಒಂದು ರೂಪಾಯಿಯ ಬಾಂಡಿನ ಮೇಲೆ ಹೊರಬಂದಾಗ 54 ವರ್ಷ ಕಳೆದಿತ್ತು. ಎರಡೇ ವರ್ಷದಲ್ಲಿ ತೀರಿಕೊಂಡರು. ಅಪರಾಧವನ್ನೇ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರ ಎಂದು ಶೀಲಾ ಬರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿತ್ತು. ಅಪರಾಧದ ಆರೋಪ ಹೊತ್ತ ಮನೋರೋಗಿಗಳ ಕಡತ ಮಾತ್ರ ಆಸ್ಪತ್ರೆಗೂ ಜೈಲಿಗೂ ಕೋರ್ಟಿಗೂ ನಡುವೆ ಯಾರದೂ ಅಲ್ಲದ್ದಾಗಿ ಉಳಿಯಿತು.

ಹಾಗಾದರೆ ಗೇಟಿನ ಆಚೆಗೂ ಈಚೆಗೂ ಒಬ್ಬರೇ ಇದ್ದರೆ? ಈ ಯೋಚನೆಯಿಂದ ಹುಟ್ಟಿದ ವಿಧಾನವೊಂದು ನ್ಯೂಯಾರ್ಕಿನ ನಿರಾಶ್ರಿತರ ತಂಗುದಾಣದಲ್ಲಿ ರೂಪುಗೊಂಡಿತು. ಎಜ್ರಾ ಸಸ್ಸರ್ ಮತ್ತು ಸಹೋದ್ಯೋಗಿಗಳು, ಮನೋರೋಗವಿದ್ದ ನಿರಾಶ್ರಿತರು ಸ್ವಂತ ಕೋಣೆಗೆ ಹೋದ ಸ್ವಲ್ಪ ಕಾಲದಲ್ಲೇ ಮತ್ತೆ ಬೀದಿಗೆ ಬೀಳುವುದನ್ನು ಕಂಡು, ಆ ಸ್ಥಿತ್ಯಂತರದ ಒಂಬತ್ತು ತಿಂಗಳಿಗೆ ಮಾತ್ರ ಒಬ್ಬ ಕಾರ್ಯಕರ್ತರನ್ನು ಜೊತೆಗೆ ಕೊಟ್ಟರು. ಮೊದಲ ಮೂರು ತಿಂಗಳು ಹತ್ತಿರದಲ್ಲೇ ಇರುವುದು, ಆಮೇಲಿನ ಮೂರು ತಿಂಗಳು ದೂರದಿಂದ ನೋಡುವುದು, ಕೊನೆಯ ಮೂರರಲ್ಲಿ ಮನೆಯವರಿಗೂ ಊರಿನ ಆಸ್ಪತ್ರೆಗೂ ವಹಿಸಿಕೊಟ್ಟು ಹಿಂದೆ ಸರಿಯುವುದು. ಇಂಗ್ಲೆಂಡಿನ ಎಂಟು ಜೈಲುಗಳಲ್ಲಿ ಇದನ್ನು ಗಂಭೀರ ಮನೋರೋಗವಿದ್ದ 150 ಕೈದಿಗಳ ಮೇಲೆ ಪ್ರಯೋಗಿಸಿದರು. ಕಾರ್ಯಕರ್ತರು ಬಿಡುಗಡೆಗೆ ಮೊದಲೇ ಜೈಲಿನೊಳಗೆ ಹೋಗಿ ಪರಿಚಯ ಮಾಡಿಕೊಂಡಿರುತ್ತಿದ್ದರು. ಹೊರಬಂದ ಆರು ವಾರಕ್ಕೆ ಚಿಕಿತ್ಸೆಯ ಸಂಪರ್ಕದಲ್ಲಿ ಉಳಿದವರು ಶೇ. 53, ಎಂದಿನಂತೆ ಬಿಡುಗಡೆಯಾದವರಲ್ಲಿ ಶೇ. 27. ವರ್ಷ ಕಳೆಯುವ ಹೊತ್ತಿಗೆ ಈ ವ್ಯತ್ಯಾಸ ಕರಗಿಹೋಗಿತ್ತು. ಇದನ್ನು ಸೋಲು ಎಂದು ಓದಬೇಕಾಗಿಲ್ಲ. ಅಪಾಯದ ವಾರಗಳನ್ನು ದಾಟಿಸಲು ಒಬ್ಬ ಮನುಷ್ಯ ಸಾಕು; ವರ್ಷಗಟ್ಟಲೆ ನಿಲ್ಲಿಸಲು ಮನೆ ಮತ್ತು ಕೆಲಸ ಬೇಕು.

ಕೆಲಸದ ವಿಷಯದಲ್ಲಿ ಹಳೆಯ ನಂಬಿಕೆಯೊಂದು ಬಿದ್ದುಹೋಗಿದೆ. ಮೊದಲು ಪೂರ್ತಿ ಗುಣವಾಗಲಿ, ಬುಟ್ಟಿ ಹೆಣೆಯುವುದು ಮೇಣದಬತ್ತಿ ಮಾಡುವುದು ಕಲಿಯಲಿ, ಆಮೇಲೆ ಕೆಲಸ ನೋಡೋಣ ಎನ್ನುವುದು ಆ ನಂಬಿಕೆ. ಮೊದಲು ನಿಜವಾದ ಕೆಲಸಕ್ಕೆ ಸೇರಿಸಿ, ಅಲ್ಲಿ ಆಸರೆ ಕೊಡುವುದು ಇದಕ್ಕಿಂತ ಎಷ್ಟೋ ಮೇಲೆಂದು ಹಲವು ದೇಶಗಳ ಪ್ರಯೋಗಗಳು ತೋರಿಸಿವೆ. ಷಿಕಾಗೋದಲ್ಲಿ ಜೈಲು, ಕೋರ್ಟು ಕಂಡು ಬಂದ ಮನೋರೋಗಿಗಳ ಮೇಲೆ ಹೀಗೆ ಮಾಡಿದಾಗ ಶೇ. 31 ಮಂದಿಗೆ ಮಾರುಕಟ್ಟೆಯ ಸಂಬಳದ ಕೆಲಸ ಸಿಕ್ಕಿತು, ಹೋಲಿಕೆಯ ಗುಂಪಿನಲ್ಲಿ ಶೇ. 7 ಮಂದಿಗೆ ಮಾತ್ರ. ಮೂವರಲ್ಲಿ ಒಬ್ಬರಿಗಷ್ಟೇ ಎಂಬುದೂ ನಿಜ. ಜೈಲಿನ ದಾಖಲೆ ಇದ್ದವರಿಗೆ ಕೆಲಸ ಕೊಡಲು ಜಗತ್ತಿನ ಎಲ್ಲ ಕಡೆಯೂ ಹಿಂಜರಿಕೆಯಿದೆ.

ಮನೆಯ ಪ್ರಶ್ನೆಗೆ ಉತ್ತರದ ಒಂದು ಮಾದರಿ ಪಕ್ಕದ ಚೆನ್ನೈಯಲ್ಲಿದೆ. ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ 1993ರಲ್ಲಿ ಕಟ್ಟಿದ ಬ್ಯಾನಿಯನ್ ಸಂಸ್ಥೆ, ಮನೆಗೆ ಹಿಂದಿರುಗಲಾರದ ಮನೋರೋಗಿಗಳಿಗಾಗಿ ಸಾಧಾರಣ ಬೀದಿಗಳಲ್ಲೇ ಬಾಡಿಗೆ ಮನೆ ಹಿಡಿದು, ನಾಲ್ಕೈದು ಮಂದಿಯನ್ನು ಒಂದು ಸಂಸಾರದಂತೆ ಇರಿಸುತ್ತದೆ. ಅಡುಗೆ ಅವರದೇ, ಸಂತೆ ಅವರದೇ, ಅಕ್ಕಪಕ್ಕದವರ ಜೊತೆ ಮಾತೂ ಅವರದೇ. ಇದು ಕೈದಿಗಳಿಗೆಂದು ಮಾಡಿದ್ದಲ್ಲ. ಆದರೆ ತವರೂ ಇಲ್ಲದ, ಗಂಡನ ಮನೆಯೂ ಇಲ್ಲದ ಹೆಣ್ಣುಮಕ್ಕಳು ಜೈಲಿನಿಂದ ಬಂದಾಗ ಬೇಕಾಗುವುದು ಇದೇ ಬಗೆಯ ಮನೆ. ಬೆಂಗಳೂರಿನಲ್ಲಿ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್ ಮತ್ತು ರಿಚ್‌ಮಂಡ್ ಫೆಲೋಶಿಪ್ ದಶಕಗಳಿಂದ ಆಸ್ಪತ್ರೆಗೂ ಮನೆಗೂ ನಡುವಿನ ವಸತಿಗೃಹಗಳನ್ನು ನಡೆಸುತ್ತಿವೆ. ಅಂಥವು ಪ್ರತಿ ಜಿಲ್ಲೆಯಲ್ಲೂ ಬೇಕು, ಜೈಲಿನ ಹೆಸರು ಕೇಳಿದ ಕೂಡಲೇ ಬಾಗಿಲು ಹಾಕದಂಥವು.

ಕಾನೂನಿನ ಕೊರತೆ ನಮಗೆ ಅಷ್ಟಿಲ್ಲ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಂ ಪ್ರತಿ ರಾಜ್ಯದ ಒಂದಾದರೂ ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಘಟಕ ಇರಬೇಕೆನ್ನುತ್ತದೆ. ಮನೆಯವರು ಒಪ್ಪಲಿಲ್ಲ, ಇರಲು ಜಾಗವಿಲ್ಲ ಎಂಬ ಕಾರಣಕ್ಕೇ ಯಾರನ್ನೂ ಚಿಕಿತ್ಸಾಲಯದಲ್ಲಿ ಉಳಿಸಿಕೊಳ್ಳಬಾರದು ಎನ್ನುತ್ತದೆ 19ನೇ ಕಲಂ. ಚಿಕಿತ್ಸಾಲಯದಿಂದ ಕಳಿಸುವಾಗ ಮುಂದಿನ ಏರ್ಪಾಡನ್ನು ರೋಗಿಯ ಜೊತೆ, ಮನೆಯವರ ಜೊತೆ ಕೂತು ಯೋಜಿಸಬೇಕು ಎಂಬುದು 98ನೇ ಕಲಂ. ಈ 98ನ್ನು ಜೈಲಿನ ಗೇಟಿಗೂ ಅನ್ವಯಿಸಿ ಎಂದು ನಮ್ಮಲ್ಲೂ ಯಾರಾದರೂ ಕೇಳಬೇಕಿದೆ.

ಕರ್ನಾಟಕದಲ್ಲಿ ಇದನ್ನು ಹೊಸದಾಗಿ ಕಟ್ಟಬೇಕಾಗಿಯೂ ಇಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. 2014ರಲ್ಲಿ ಬಂದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಜೈಲಿನ ವೈದ್ಯರು ಬಿಡುಗಡೆಯಾಗುವವನ ತಾಲ್ಲೂಕು ಯಾವುದೆಂದು ಕೇಳಿ, ಮುಂದಿನ ಮಂಗಳವಾರದ ದಿನಾಂಕವನ್ನು ಚೀಟಿಯ ಮೇಲೆ ಬರೆದು, ಅಲ್ಲಿನವರಿಗೆ ಒಂದು ಫೋನ್ ಮಾಡಿದರೆ ಅರ್ಧ ಕೆಲಸ ಆದಂತೆ. ಗುಳಿಗೆ ಮರೆಯುವವನಿಗೆ, ಅವನು ಒಪ್ಪಿದರೆ, ಹೊರಡುವ ಮುನ್ನ ತಿಂಗಳಿಗೊಮ್ಮೆಯ ಇಂಜೆಕ್ಷನ್ ಕೊಡಬಹುದು. ಫ್ಲೂಫೆನಜಿನ್, ಹ್ಯಾಲೊಪೆರಿಡಾಲ್‌ಗಳ ಈ ರೂಪ ದಶಕಗಳಿಂದ ಇದೆ. ಆ ಒಂದು ಚುಚ್ಚುಮದ್ದು ಅವನನ್ನು ಮೊದಲ ಹದಿನೈದು ದಿನದಾಚೆಗೂ ದಾಟಿಸುತ್ತದೆ.

ಉಳಿದದ್ದು ಮನೆಯವರ ಮಾತು. ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ 1950ರ ದಶಕದ ಕೊನೆಗೆ ಲಂಡನ್ನಿನಲ್ಲಿ, ಆಸ್ಪತ್ರೆಯಿಂದ ಹೆತ್ತವರ ಅಥವಾ ಹೆಂಡತಿಯ ಬಳಿಗೆ ಹೋದ ರೋಗಿಗಳಿಗೆ ಬಾಡಿಗೆ ಕೋಣೆಗೆ ಹೋದವರಿಗಿಂತ ಹೆಚ್ಚಾಗಿ ಕಾಯಿಲೆ ಮರುಕಳಿಸಿದ್ದನ್ನು ಗಮನಿಸಿದರು. ಹುಡುಕುತ್ತ ಹೋದಾಗ ಕಂಡದ್ದು ಮನೆಯೊಳಗಿನ ಎಡೆಬಿಡದ ಟೀಕೆ, ಹಗೆ ಮತ್ತು ಉಸಿರುಗಟ್ಟಿಸುವ ಕಾಳಜಿ. 1980ರ ದಶಕದಲ್ಲಿ ಚಂಡೀಗಢದಲ್ಲಿ ಇದನ್ನೇ ಅಳೆದಾಗ ಭಾರತದ ಕುಟುಂಬಗಳಲ್ಲಿ ಈ ಒತ್ತಡ ಲಂಡನ್ನಿಗಿಂತ ಕಡಿಮೆಯಿತ್ತು. ಕಾಯಿಲೆಯ ಜೊತೆಗೆ ಜೈಲಿನ ಕಳಂಕವನ್ನೂ ತಂದವನ ಮನೆಯಲ್ಲಿ ಆ ಸಹನೆ ಉಳಿಯಲು ಮನೆಯವರಿಗೂ ಆಸರೆ ಬೇಕು. ಕೆಲವು ಸಂಗತಿಗಳನ್ನು ಅವರಿಗೆ ಮೊದಲೇ ಹೇಳಿಕೊಡಬೇಕು: ನಡೆದದ್ದನ್ನು ದಿನವೂ ಎತ್ತಿ ಆಡಬೇಡಿ, ಗುಳಿಗೆ ನುಂಗುವುದನ್ನು ನೋಡಿ ಆದರೆ ಕಾವಲು ಕಾಯಬೇಡಿ, ಕೋರ್ಟಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಾಯಿಲೆ ಮರಳುವಾಗ ಮೊದಲು ಕೆಡುವುದು ಎಷ್ಟೋ ಸಲ ನಿದ್ದೆ, ಅದು ಮೊದಲು ತಿಳಿಯುವುದು ಅದೇ ಮನೆಯಲ್ಲಿ ಮಲಗುವವರಿಗೆ. ಎರಡು ರಾತ್ರಿ ನಿದ್ದೆ ಹೋಯಿತೆಂದರೆ ಮಂಗಳವಾರಕ್ಕೆ ಕಾಯುವುದು ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತನಾಡುತ್ತಾರೆ.